ಮಾಡಿ ಆಯ್ತು, ಈಗ ಎಲ್ಲಿಡೋದು?

ಹೋದ ಸಂಚಿಕೆಯಲ್ಲಿ ಕಿಟ್‌ನ ತುಂಡುಗಳನ್ನು ಅಂಟಿಸಿ ಕಟ್ಟುವ ವಿಮಾನ, ಕಾರುಗಳ ಪ್ಲಾಸ್ಟಿಕ್ ಮಾಡೆಲ್‌ಗಳಿಗೆ ಬಣ್ಣ ಹೊಡೆಯುವ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಬಣ್ಣದ ಬಗ್ಗೆ ಕೇಳಿದವರು ಕಡಿಮೆ. ಮಾಡಿ ಮುಗಿಸಿದ್ದನ್ನು ಮನೆಯಲ್ಲಿ ಎಲ್ಲಿ, ಹೇಗೆ ಇಡಬೇಕು ಅಂತ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಹೊಸ ಓದುಗರಿಗೆ ಒಂದು ಮಾತು. ನಾನು ಬೆಂಗಳೂರಿನ ವಿಮಾನ ಕಾರ್ಖಾನೆಯ ಪೇಂಟ್ ಶಾಪ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಾಡೆಲ್ ಕಟ್ಟಲು ಶುರು ಮಾಡಿ ನಲವತ್ತು ವರ್ಷ ಆಯಿತು. ಈಗ ಮನೆಯಲ್ಲಿ 64 ಇವೆ. ಇನ್ನೂ ಹದಿನೈದು ಇರಬೇಕಿತ್ತು. ಅವು ಕಟ್ಟುವಾಗ ಹಾಳಾಗಲಿಲ್ಲ, ಇಟ್ಟಲ್ಲೇ ಹಾಳಾದವು. ಅದಕ್ಕೇ ಈ ಪ್ರಶ್ನೆಗಳು ನನಗೆ ತುಂಬ ಹತ್ತಿರದವು.

"ಸರ್, ನಮಸ್ಕಾರ. ನನ್ನ ಮಗ ಕೆಲಸಕ್ಕೆ ಅಂತ ಜರ್ಮನಿಗೆ ಹೋಗಿ ಮೂರು ವರ್ಷ ಆಯಿತು. ಅವನು ಕಟ್ಟಿದ ವಿಮಾನ, ಕಾರುಗಳು ಸುಮಾರು ಮೂವತ್ತು ನಮ್ಮ ಹಾಲ್‌ನ ಶೋಕೇಸಿನಲ್ಲಿವೆ. ಈ ಮಳೆಗಾಲದಲ್ಲಿ ಕೆಲವದರ ಮೇಲೆ ಬೂದಿ ಉದುರಿದ ಹಾಗೆ ಬೂಷ್ಟು ಬಂದಿದೆ. ಜಿರಳೆ ಬರದಿರಲಿ ಅಂತ ಒಳಗೆ ನ್ಯಾಫ್ತಲೀನ್ ಗುಳಿಗೆ ಹಾಕಿದ್ದೆ. ಎರಡು ಕಾರುಗಳ ಚಕ್ರ ಕೆಳಗಿನ ಪ್ಲಾಸ್ಟಿಕ್ ಹಾಸಿಗೆ ಅಂಟಿಕೊಂಡಿದೆ. ಎಳೆಯಲು ಭಯ. ಅವನು ದೀಪಾವಳಿಗೆ ಬರುತ್ತಾನೆ. ಏನು ಮಾಡಲಿ?"
— ಒಬ್ಬ ತಾಯಿ, ಮಂಗಳೂರು

ಅಮ್ಮಾ, ಇದನ್ನು ಓದಿ ಕೆಳಗಿಟ್ಟ ತಕ್ಷಣ ಆ ಗುಳಿಗೆಗಳನ್ನು ತೆಗೆದು ಹೊರಗೆ ಹಾಕಿ. ಶೋಕೇಸಿನ ಬಾಗಿಲು ಎರಡು ದಿನ ತೆರೆದಿಟ್ಟು ಫ್ಯಾನ್ ಹಾಕಿ. ಮಿಕ್ಕಿದ್ದೆಲ್ಲ ಆಮೇಲೆ.

ಈ ಮಾಡೆಲ್‌ಗಳು ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್‌ನವು. ನ್ಯಾಫ್ತಲೀನ್ ಆವಿ ಮುಚ್ಚಿದ ಗಾಜಿನೊಳಗೆ ತುಂಬಿಕೊಂಡರೆ ಆ ಪ್ಲಾಸ್ಟಿಕ್ ನಿಧಾನವಾಗಿ ಮೆತ್ತಗಾಗುತ್ತದೆ. ಗುಳಿಗೆ ನೇರವಾಗಿ ತಾಗಿದ ಕಡೆ ಕರಗಿ ಗುಂಡಿ ಬೀಳುತ್ತದೆ. ಉಣ್ಣೆ ಸ್ವೆಟರಿಗೆ ಆಗುವುದು ಇದಕ್ಕೆ ಆಗಿಬರುವುದಿಲ್ಲ. ನೀವು ಕಾಳಜಿಯಿಂದ ಮಾಡಿದ್ದೀರಿ. ಈ ವಿಷಯ ಕಿಟ್ ಡಬ್ಬದ ಮೇಲೆ ಎಲ್ಲೂ ಬರೆದಿರುವುದಿಲ್ಲ, ನಿಮಗೆ ಗೊತ್ತಾಗುವುದಾದರೂ ಹೇಗೆ? ಜಿರಳೆ, ಹಲ್ಲಿಗಳನ್ನು ತಡೆಯಲು ಬೇರೆ ದಾರಿ ಇದೆ. ಬಾಗಿಲುಗಳ ಸಂದಿಗೆ ಉಣ್ಣೆಯ ಪಟ್ಟಿ ಅಂಟಿಸಿ. ಬೆನ್ನ ಹಲಗೆಯಲ್ಲಿ ನಾಲ್ಕು ತೂತು ಕೊರೆಸಿ, ಅವಕ್ಕೆ ಸೊಳ್ಳೆ ಪರದೆಯ ಸಣ್ಣ ಜಾಲರಿ ಹೊಡೆಸಿ. ಗಾಳಿ ಆಡಬೇಕು, ಹುಳ ಬರಬಾರದು. ನನ್ನ ಮನೆಯಲ್ಲಿ ಜಾಲರಿ ಇಲ್ಲದ ಕಾಲದಲ್ಲಿ ಕುಂಬಾರ ಹುಳ ಒಂದು ಮಿಗ್ ವಿಮಾನದ ಹಿಂದಿನ ಕೊಳವೆಯೊಳಗೆ ಮಣ್ಣಿನ ಗೂಡು ಕಟ್ಟಿ ಮುಗಿಸಿತ್ತು. ಒಣಗಿದ ಮಣ್ಣನ್ನು ಸೂಜಿಯಲ್ಲಿ ಕೆದಕಿ ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು.

ಚಕ್ರ ಅಂಟಿಕೊಂಡಿದ್ದಕ್ಕೆ ಕಾರಣ ಬೇರೆ. ಕಾರಿನ ಕಿಟ್‌ಗಳಲ್ಲಿ ಟಯರು ಸಾಮಾನ್ಯವಾಗಿ ಮೆತ್ತಗಿನ ಪಿವಿಸಿ. ಪಿವಿಸಿ ತಾನಾಗಿ ಗಟ್ಟಿ ವಸ್ತು. ಅದು ಮೆತ್ತಗಾಗಲಿ ಅಂತ ಎಣ್ಣೆಯಂಥ ಒಂದು ದ್ರವ ಬೆರೆಸಿರುತ್ತಾರೆ. ವರ್ಷ ಕಳೆದಂತೆ ಆ ದ್ರವ ಜಿನುಗಿ, ತಾಗಿದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಶೋಕೇಸಿಗೆ ಹಾಸುವ ಹೂವಿನ ಚಿತ್ತಾರದ ಶೀಟೂ ಬಹಳ ಸಲ ಅದೇ ಪಿವಿಸಿ. ಎರಡು ಜಿನುಗುವ ವಸ್ತು ಒಂದರ ಮೇಲೊಂದು ಕೂತಿವೆ, ಅಂಟದೆ ಇನ್ನೇನು?

ಕಾರನ್ನು ಮಾತ್ರ ಎಳೆಯಬೇಡಿ. ಹಾಸನ್ನು ಚಕ್ರಗಳ ಸುತ್ತ ಬ್ಲೇಡಿನಿಂದ ಕತ್ತರಿಸಿ, ಆ ತುಂಡಿನ ಸಮೇತ ಕಾರನ್ನು ಹೊರಗೆ ತೆಗೆಯಿರಿ. ಮೇಜಿನ ಮೇಲಿಟ್ಟು, ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಟಯರಿನ ಅಡಿಗೆ ತೂರಿಸಿ. ಗರಗಸದ ಹಾಗೆ ಹಿಂದೆ ಮುಂದೆ ಎಳೆಯುತ್ತಾ ಹೋಗಿ. ಬಿಟ್ಟುಕೊಳ್ಳುತ್ತದೆ. ಟಯರಿನ ಕೆಳಗೆ ಸ್ವಲ್ಪ ಗುರುತು ಉಳಿಯಬಹುದು, ನಿಲ್ಲಿಸಿದರೆ ಕಾಣುವುದಿಲ್ಲ. ಆ ಹಾಸನ್ನು ಪೂರ್ತಿ ತೆಗೆದುಹಾಕಿ. ಬರೀ ಗಾಜಿನ ಮೇಲೆ ಅಥವಾ ತೊಳೆದ ಬಿಳಿ ಹತ್ತಿ ಬಟ್ಟೆಯ ಮೇಲೆ ಮಾಡೆಲ್‌ಗಳನ್ನು ಇಡಿ. ಕಾರುಗಳ ಹೊಟ್ಟೆಯ ಕೆಳಗೆ ಐಸ್‌ಕ್ರೀಂ ಕಡ್ಡಿಯ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಆನಿಕೆ ಕೊಡಿ. ಟಯರು ನೆಲಕ್ಕೆ ಕೂದಲೆಳೆಯಷ್ಟು ಮೇಲಿದ್ದರೆ ಸಾಕು. ಭಾರ ಚಕ್ರದ ಮೇಲೆ ಬೀಳದಿದ್ದರೆ ಟಯರೂ ಉಳಿಯುತ್ತದೆ, ಒಳಗಿನ ರಿಮ್ಮೂ ಉಳಿಯುತ್ತದೆ.

ಬೂಷ್ಟು ಬಂದವನ್ನು ಮನೆಯ ಹೊರಗೆ, ನೆರಳಿನಲ್ಲಿ ಶುಚಿ ಮಾಡಿ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಮೊದಲು ಒಣ ಬ್ರಶ್ಶಿನಲ್ಲಿ ಹಗುರವಾಗಿ ಉದುರಿಸಿ. ಆಮೇಲೆ ಕಾಯಿಸಿ ಆರಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ತೊಟ್ಟು ಹಾಕಿ, ಇಯರ್ ಬಡ್ ಅದ್ದಿ ಹಿಂಡಿ ಒರೆಸಿ. ಇನ್ನೊಂದು ಬಡ್ಡನ್ನು ಬರೀ ನೀರಲ್ಲಿ ಅದ್ದಿ ಸೋಪು ತೆಗೆಯಿರಿ. ಸ್ಪಿರಿಟ್, ಸ್ಯಾನಿಟೈಸರ್ ಬೇಡವೇ ಬೇಡ. ಅಕ್ರಿಲಿಕ್ ಬಣ್ಣ ಕಿತ್ತುಕೊಂಡು ಬರುತ್ತದೆ. ನೇಲ್ ಪಾಲಿಷ್ ರಿಮೂವರ್ ಹಾಕಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಗಾಜು ಒರೆಸುವ ದ್ರಾವಣವನ್ನೂ ಶೋಕೇಸಿನ ಒಳಗೆ ಸಿಂಪಡಿಸಬೇಡಿ. ಬಟ್ಟೆಗೆ ಹಾಕಿಕೊಂಡು, ದೂರ ನಿಂತು, ಗಾಜನ್ನಷ್ಟೇ ಒರೆಸಿ.

ಈಗ ತೇವದ ವಿಷಯ. ಗಾಳಿಯ ತೇವ 65–70 ಶೇಕಡಾ ದಾಟಿದರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. ಜುಲೈನಲ್ಲಿ ನಿಮ್ಮೂರಿನಲ್ಲಿ ಅದು 80ರ ಮೇಲೆಯೇ ಇರುತ್ತದೆ. ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದನ್ನು ತಂದು ಶೋಕೇಸಿನ ಮೂಲೆಯಲ್ಲಿಡಿ. 50ರ ಆಸುಪಾಸು ಇದ್ದರೆ ತುಂಬ ಒಳ್ಳೆಯದು. ಮಳೆಗಾಲದ ನಾಲ್ಕು ತಿಂಗಳು ಬೆನ್ನ ತೂತುಗಳಿಗೆ ಒಳಗಿನಿಂದ ರಟ್ಟು ಮುಚ್ಚಿ, ತೇವ ಹೀರುವ ಸಿಲಿಕಾ ಜೆಲ್ ಹರಳನ್ನು ತೂತಿನ ಡಬ್ಬಿಗಳಲ್ಲಿ ಹಾಕಿಡಿ. ಕಿತ್ತಳೆ ಬಣ್ಣದ್ದನ್ನೇ ಕೇಳಿ ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ಮನೆಗೆ ಒಳ್ಳೆಯದಲ್ಲ. ಬಣ್ಣ ಬದಲಾದರೆ ನೀರು ಕುಡಿದಿದೆ ಅಂತ ಅರ್ಥ. ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮಳೆ ನಿಂತ ಮೇಲೆ ರಟ್ಟು ತೆಗೆದುಬಿಡಿ.

ದೀಪಾವಳಿಗೆ ಮಗ ಬಂದಾಗ ಕಾರುಗಳಿಗೆ ಕಡ್ಡಿಯ ಆನಿಕೆ ಕೊಟ್ಟಿದ್ದು ನೋಡುತ್ತಾನಲ್ಲ, ಅವನಿಗೆ ಆಗುವ ಸಂತೋಷ ನನಗೆ ಇಲ್ಲಿಂದಲೇ ಗೊತ್ತು.

"ಸರ್, ನಮ್ಮದು ಬಾಡಿಗೆ ಫ್ಲಾಟು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹಾಲ್‌ನಲ್ಲಿ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದೆ. ಅದರ ಕೆಳಗಿನ ಕಟ್ಟೆ ಖಾಲಿ ಇದೆ, ಅಲ್ಲೇ ಸಾಲಾಗಿ ಇಡೋಣ ಅಂತಿದ್ದೇನೆ. ಈಗ 22 ವಿಮಾನ ಆಗಿವೆ. ಮುಂದೆ ಏರ್ ಇಂಡಿಯಾ ಬಣ್ಣದ ಬೋಯಿಂಗ್ 747 ಜಂಬೋ ವಿಮಾನವನ್ನು 1/144ರಲ್ಲಿ ಕಟ್ಟುವ ಆಸೆ. ಲೈಟ್ ಹೇಗಿರಬೇಕು?"
— ಓದುಗ, ಬೆಂಗಳೂರು

ಕಿಟಕಿ ಕಟ್ಟೆ ಬೇಡ. ದಯವಿಟ್ಟು ಬೇಡ.

"ಗಾಜು ಇದೆಯಲ್ಲ, ಬಿಸಿಲು ನೇರ ಬೀಳಲ್ಲ" ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಮಾಮೂಲಿ ಕಿಟಕಿ ಗಾಜು ನೇರಳಾತೀತ ಕಿರಣಗಳಲ್ಲಿ ಒಂದು ಬಗೆಯನ್ನು ತಡೆಯುತ್ತದೆ. ಇನ್ನೊಂದು ಬಗೆ, ಯುವಿ-ಎ ಅನ್ನುವುದು, ಬಹಳಷ್ಟು ಒಳಗೆ ಬರುತ್ತದೆ. ಅದು ಬಿಳಿ ಪ್ಲಾಸ್ಟಿಕ್ಕನ್ನು ಹಳದಿ ಮಾಡುತ್ತದೆ. ಡಿಕಾಲ್‌ಗಳ, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಗುರುತು ಚಿತ್ರಗಳ, ಅಂಚು ಹಳದಿಯಾಗುತ್ತದೆ. ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಕಳೆಗುಂದುತ್ತದೆ. ನಿಮ್ಮ 747 ನೆನೆಸಿಕೊಳ್ಳಿ. 1971ರಲ್ಲಿ ಏರ್ ಇಂಡಿಯಾಗೆ ಬಂದ ಆ ಮೊದಲ ಜಂಬೋಗಳ ಅಂದವೆಲ್ಲ ಕಿಟಕಿಗಳ ಸುತ್ತ ಬರೆದ ಕೆಂಪು ಕಮಾನುಗಳಲ್ಲಿ ಇತ್ತು. ಅರಮನೆಯ ಝರೋಕಾ ಕಿಟಕಿಗಳ ಹಾಗೆ. ಆ ಕೆಂಪನ್ನು ಎರಡು ಬೇಸಿಗೆ ಪಶ್ಚಿಮದ ಬಿಸಿಲಿಗೆ ಕೊಟ್ಟರೆ ಇಟ್ಟಿಗೆ ಪುಡಿಯ ಬಣ್ಣಕ್ಕೆ ಬರುತ್ತದೆ.

ಶಾಖ ಇನ್ನೊಂದು. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಪೂರ್ತಿ ಮೆತ್ತಗಾಗುತ್ತದೆ. ತೆಳ್ಳಗಿನ ಭಾಗಗಳು ಅದಕ್ಕಿಂತ ಮುಂಚೆಯೇ ಬಾಗುತ್ತವೆ. ಬಿಸಿಲಿಗಿಟ್ಟ ಗಾಜಿನ ಡಬ್ಬದೊಳಗೆ ಕೋಣೆಗಿಂತ ಬಹಳ ಹೆಚ್ಚು ಶಾಖ ಸೇರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತವರಿಗೆ ಗೊತ್ತು, ಅಲ್ವಾ? ನನ್ನ ಒಂದು ನ್ಯಾಟ್ ವಿಮಾನದ ರೆಕ್ಕೆ ಏಪ್ರಿಲ್ ತಿಂಗಳಲ್ಲಿ ಹೀಗೆಯೇ ಇಳಿಬಿತ್ತು. ಎರಡು ರೆಕ್ಕೆ ಎರಡು ಎತ್ತರ. ಬಿಸಿನೀರಲ್ಲಿ ಅದ್ದಿ ನೇರ ಮಾಡಲು ಹೋಗಿ ಬಣ್ಣವನ್ನೂ ಕಳೆದುಕೊಂಡೆ.

ಜಾಗ ಹುಡುಕುವ ಮೊದಲು ಲೆಕ್ಕ ಹಾಕಿ. 1/144 ಸ್ಕೇಲ್ ಅಂದರೆ ನಿಜವಾದ ವಿಮಾನದ 144ನೇ ಒಂದು ಭಾಗ. ನಿಜವಾದ ಉದ್ದವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆಯಿತು. 747 ಸುಮಾರು 70.6 ಮೀಟರ್ ಉದ್ದ. 144ರಿಂದ ಭಾಗಿಸಿದರೆ 49 ಸೆಂಟಿಮೀಟರ್. ಆ ಕಾಲದ 747ರ ರೆಕ್ಕೆ ತುದಿಯಿಂದ ತುದಿಗೆ 59.6 ಮೀಟರ್, ಅಂದರೆ 41 ಸೆಂಟಿಮೀಟರ್. ಮನೆಗಳಲ್ಲಿ ಪುಸ್ತಕದ ಕಪಾಟು ಸಾಮಾನ್ಯವಾಗಿ ಒಂದಡಿ ಆಳ, 30 ಸೆಂಟಿಮೀಟರ್. ಉದ್ದಕ್ಕಿಟ್ಟರೂ ಅಡ್ಡಕ್ಕಿಟ್ಟರೂ ಅದು ಕೂರುವುದಿಲ್ಲ. ಅದೇ ನಮ್ಮ ದೇಶದಲ್ಲೇ ತಯಾರಾದ ಮಾರುತ್ ಯುದ್ಧವಿಮಾನ ನೋಡಿ. 15.87 ಮೀಟರ್ ಉದ್ದ, 9 ಮೀಟರ್ ರೆಕ್ಕೆ. 1/72ರಲ್ಲಿ 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಅಗಲ. ಎರಡು ಮಾರುತ್ ಅಕ್ಕಪಕ್ಕ ನಿಂತರೂ ಕಪಾಟಿನಲ್ಲಿ ಜಾಗ ಉಳಿಯುತ್ತದೆ. 747 ಕಿಟ್ ಕೊಳ್ಳುವ ಮುಂಚೆ ಒಂದು ರಟ್ಟನ್ನು 49ಕ್ಕೆ 41 ಕತ್ತರಿಸಿ, ಅದನ್ನು ಎಲ್ಲಿಡುತ್ತೀರೋ ಅಲ್ಲಿ ಒಂದು ವಾರ ಇಡಿ. ಮನೆಯವರು ಓಡಾಡುವಾಗ ತಾಗುತ್ತಾ ನೋಡಿ. ನಾನು ಈಗಲೂ ಹೀಗೆಯೇ ಮಾಡುತ್ತೇನೆ.

ಮೊಳೆ ಬೇಡ ಅಂದರೆ ನೆಲದ ಮೇಲೆ ನಿಲ್ಲುವ ಗಾಜಿನ ಕಪಾಟು ತನ್ನಿ. ಕಿಟಕಿ ಇರುವ ಗೋಡೆಗೇ ಬೆನ್ನು ಮಾಡಿ ಮೂಲೆಯಲ್ಲಿ ನಿಲ್ಲಿಸಿ. ಆಗ ಬಿಸಿಲು ಅದರ ಪಕ್ಕದಿಂದ ಹಾದುಹೋಗುತ್ತದೆ, ಒಳಗೆ ಬೀಳುವುದಿಲ್ಲ. ಕಪಾಟಿನ ಕೆಳಗಿನ ಖಾನೆಯಲ್ಲಿ ಭಾರದ ಪುಸ್ತಕ ಜೋಡಿಸಿ, ಅಲ್ಲಾಡುವುದಿಲ್ಲ. ಅಡುಗೆಮನೆ ಬಾಗಿಲಿನ ಎದುರು ಮಾತ್ರ ಬೇಡ. ಒಗ್ಗರಣೆಯ ಹೊಗೆಯಲ್ಲಿ ಎಣ್ಣೆ ಇರುತ್ತದೆ. ಎಣ್ಣೆ ಕೂತ ಮೇಲೆ ಧೂಳು ಅಂಟಿದರೆ ಬ್ರಶ್ಶಿಗೆ ಬಗ್ಗುವುದಿಲ್ಲ.

ಯಾವ ಎತ್ತರದಲ್ಲಿ ಇಡಬೇಕು ಅನ್ನುವುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದು ನನಗೆ ತುಂಬ ಮುಖ್ಯ. ವಿಮಾನವನ್ನು ನಾವು ನಿಜಕ್ಕೂ ನೋಡುವುದು ಹೇಗೆ? ನೆಲದ ಮೇಲೆ ನಿಂತು, ಕಣ್ಣಿನ ಮಟ್ಟದಲ್ಲಿ ಅಥವಾ ತಲೆ ಎತ್ತಿ. ಮೊಣಕಾಲಿನ ಎತ್ತರದ ಖಾನೆಯಲ್ಲಿಟ್ಟು ಮೇಲಿನಿಂದ ನೋಡಿದರೆ ಎಷ್ಟು ಒಳ್ಳೆಯ ಕೆಲಸವೂ ಆಟಿಕೆಯ ಹಾಗೆ ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ ತಂದು ಮೂಗಿನ ಕಡೆಯಿಂದ ನೋಡಿ, ಅದೇ ಮಾಡೆಲ್ ದೊಡ್ಡದಾಗುತ್ತದೆ. ಹಡಗು ಹಾಗಲ್ಲ, ಅದನ್ನು ಎದೆಯ ಎತ್ತರದಲ್ಲಿಟ್ಟು ಸ್ವಲ್ಪ ಮೇಲಿನಿಂದ ನೋಡಬೇಕು, ಬಂದರಿನ ಕಟ್ಟೆಯಿಂದ ನೋಡಿದ ಹಾಗೆ. ಅನುಮಾನ ಇದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳಕ್ಕೋ, ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೋ ಹೋಗಿ ನಿಜವಾದ ಮಾರುತ್ ಮುಂದೆ ನಿಲ್ಲಿ. ಜರ್ಮನಿಯ ವಿಮಾನ ತಜ್ಞ ಕುರ್ಟ್ ಟ್ಯಾಂಕ್ ನಮ್ಮವರ ಜೊತೆ ಸೇರಿ ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಮೊದಲು ಹಾರಿದ್ದು. ಅದರ ಮೂಗಿನ ಕೆಳಗೆ ನಿಂತು ನೋಡಿದ ಮೇಲೆ ಮನೆಗೆ ಬಂದು ನಿಮ್ಮ ಕಪಾಟಿನ ಖಾನೆಗಳ ಎತ್ತರ ಬದಲಿಸುತ್ತೀರಿ. ನಾನೂ ಹಾಗೆಯೇ ಬದಲಿಸಿದ್ದು. ಮರ ಕೆತ್ತಿ ಮಾಡಿದ ನನ್ನ ಮಾರುತ್ ಈಗ ನನ್ನ ಹುಬ್ಬಿನ ಮಟ್ಟದಲ್ಲಿದೆ.

ಲೈಟಿಗೆ ಎಲ್‌ಇಡಿ ಪಟ್ಟಿ ಸಾಕು. ಅದರಲ್ಲಿ ನೇರಳಾತೀತ ಕಿರಣ ಬಹಳ ಕಡಿಮೆ. ಪಟ್ಟಿಗೆ ಕರೆಂಟು ಕೊಡುವ ಡಬ್ಬಿ ಬಿಸಿಯಾಗುತ್ತದೆ, ಅದನ್ನು ಕಪಾಟಿನ ಹೊರಗಿಡಿ. ದಿನವಿಡೀ ಉರಿಸಬೇಡಿ. ನೀರುಬಣ್ಣದ ಚಿತ್ರ, ಹಳೇ ಬಟ್ಟೆಗಳಂಥವಕ್ಕೆ ಮ್ಯೂಸಿಯಂಗಳು 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಕೊಡುವುದಿಲ್ಲ. ನಮಗೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ. ಆದರೆ ನೋಡುವಾಗ ಹಾಕಿ, ನೋಡಿ ಆದ ಮೇಲೆ ಆರಿಸಿ.

22ನ್ನೂ ಒಟ್ಟಿಗೆ ತುರುಕಬೇಡಿ. ಒಂದನ್ನು ತೆಗೆಯಲು ನಾಲ್ಕನ್ನು ಸರಿಸಬೇಕಾದರೆ ಮುರಿಯುವುದು ಖಂಡಿತ. ಹತ್ತು ಹನ್ನೆರಡು ಹೊರಗಿರಲಿ, ಮಿಕ್ಕವು ಪೆಟ್ಟಿಗೆಯಲ್ಲಿರಲಿ. ನಾನು ಯುಗಾದಿಗೆ ಒಮ್ಮೆ, ದಸರಾಗೆ ಒಮ್ಮೆ ಬದಲಿಸುತ್ತೇನೆ. ಆರು ತಿಂಗಳು ಕಾಣದ ಮಾಡೆಲ್ ಹೊರಗೆ ಬಂದಾಗ ಹೊಸದಾಗಿ ಕಟ್ಟಿದಷ್ಟೇ ಖುಷಿ ಆಗುತ್ತದೆ.

"ಅಜ್ಜಾರ, ನಾನು ಒಂಬತ್ತನೇ ಕ್ಲಾಸು. 1/72ರ ಮಿಗ್-21 ಮಾಡಿದ್ದೀನಿ. ನಮ್ಮನೆಯಲ್ಲಿ ಶೋಕೇಸ್ ಇಲ್ಲ, ಟೀವಿ ಮೇಲಿನ ಹಲಗೆ ಮೇಲೆ ಇಟ್ಟಿದ್ದೆ. ಧೂಳು ಬಹಳ. ನಮ್ಮಜ್ಜಿ ಬಟ್ಟೆ ತಗೊಂಡು ಒರೆಸುವಾಗ ಮೂಗಿನ ಮುಂದಿನ ಉದ್ದ ಕಡ್ಡಿ ಮುರಿದು ಹೋಯಿತು. ಗಾಜಿನ ಡಬ್ಬಕ್ಕೆ ರೊಕ್ಕ ಇಲ್ಲ."
— ವಿದ್ಯಾರ್ಥಿ, ಹುಬ್ಬಳ್ಳಿ

ಮರಿ, ನಿನ್ನ ಪತ್ರ ಓದಿ ಬಹಳ ಸಂತೋಷ ಆಯಿತು. ಮಿಗ್-21 ನಮ್ಮ ವಾಯುಪಡೆಗೆ 1963ರಲ್ಲಿ ಬಂತು, 2025ರ ಸೆಪ್ಟೆಂಬರ್ 26ಕ್ಕೆ ನಿವೃತ್ತಿ ಆಯಿತು. ಅರವತ್ತೆರಡು ವರ್ಷ ದುಡಿದ ವಿಮಾನ ಅದು. ನಿನ್ನ ಮನೆಯಲ್ಲಿ ಅದಕ್ಕೆ ಒಳ್ಳೆಯ ಜಾಗ ಮಾಡೋಣ.

ಮೊದಲು ಆ ಕಡ್ಡಿ. ಅದಕ್ಕೆ ಪಿಟೋ ಕೊಳವೆ ಅಂತಾರೆ. ಎದುರಿನ ಗಾಳಿಯ ಒತ್ತಡ ಅಳೆದು ವಿಮಾನದ ವೇಗ ತಿಳಿಸುವುದು ಅದರ ಕೆಲಸ. ಪ್ಲಾಸ್ಟಿಕ್ಕಿನದನ್ನು ಮತ್ತೆ ಅಂಟಿಸಬೇಡ, ಮತ್ತೆ ಮುರಿಯುತ್ತದೆ. ಒಂದು ಗುಂಡುಸೂಜಿ ತಗೊಂಡು ಅದರ ತಲೆ ಕತ್ತರಿಸು. ಕತ್ತರಿಸುವಾಗ ಅಪ್ಪನನ್ನೋ ಅಣ್ಣನನ್ನೋ ಜೊತೆಗೆ ಕೂರಿಸಿಕೋ, ತುಂಡು ಕಣ್ಣಿಗೆ ಹಾರುತ್ತದೆ. ಮುರಿದ ಜಾಗದಲ್ಲಿ ಸಣ್ಣ ತೂತು ಮಾಡಿ, ಚೂಪು ತುದಿ ಒಳಗೆ ಹೋಗುವ ಹಾಗೆ ಸೂಪರ್ ಗ್ಲೂ ಹಾಕಿ ಕೂರಿಸು. ಬೂದು ಬಣ್ಣ ಬಳಿ. ಪ್ಲಾಸ್ಟಿಕ್ಕಿನದಕ್ಕಿಂತ ತೆಳ್ಳಗೆ ಚಂದ ಕಾಣುತ್ತದೆ.

ಡಬ್ಬಕ್ಕೆ ರೊಕ್ಕ ಬೇಡ. ಸ್ವೀಟ್ ಅಂಗಡಿಯಲ್ಲಿ ಒಣಹಣ್ಣು, ಮಿಠಾಯಿ ತುಂಬಿ ಕೊಡುವ ಪಾರದರ್ಶಕ ಗಟ್ಟಿ ಡಬ್ಬ ನೋಡಿದ್ದೀಯಲ್ಲ? ಅಡಿಯಲ್ಲಿ ತ್ರಿಕೋನದೊಳಗೆ 1 ಅಂತ ಬರೆದಿದ್ದರೆ ಅದು ಪಿಇಟಿ, ಮಾಡೆಲ್‌ಗೆ ಏನೂ ಮಾಡುವುದಿಲ್ಲ. ನಿನ್ನ ಮಿಗ್ ಸುಮಾರು 20 ಸೆಂಟಿಮೀಟರ್ ಉದ್ದ, 10 ಅಗಲ. ಜೊತೆಗೆ ಪಿಟೋ ಮುಂದೆ ಚಾಚಿರುತ್ತದೆ. ಹಾಗಾಗಿ 25 ಸೆಂಟಿಮೀಟರಿನ ಡಬ್ಬ ಹುಡುಕು. ಎಣ್ಣೆ ಜಿಡ್ಡು ಹೋಗುವ ಹಾಗೆ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತಲೆಕೆಳಗು ಮಾಡು. ಅಡಿಗೆ ಒಂದು ಹಲಗೆ. ಹಲಗೆಗೆ ಬೂದು ಬಣ್ಣ ಬಳಿದು ಸೀಮೆಸುಣ್ಣದಲ್ಲಿ ರನ್‌ವೇ ಗೆರೆ ಎಳೆ. ಡಬ್ಬದ ಕೆಳಗೆ ಒಂದು ಮೂಲೆಯಲ್ಲಿ ಕಾಗದ ಮಡಚಿಟ್ಟು ಕೂದಲೆಳೆಯಷ್ಟು ಸಂದಿ ಬಿಡು, ಒಳಗೆ ಗಾಳಿ ಆಡಲಿ.

ಧೂಳಿಗೆ ಬಟ್ಟೆ ಬೇಡ. ಅಕ್ಕನ ಹಳೇ ಮೇಕಪ್ ಬ್ರಶ್ ಕೇಳಿ ತಗೊಂಡು ತೊಳೆದು ಒಣಗಿಸು. ಬಾಲದಿಂದ ಮೂಗಿನ ಕಡೆಗೆ ಬೇಡ, ಮೂಗಿನಿಂದ ಬಾಲದ ಕಡೆಗೆ ಎಳೆ, ಆಂಟೆನಾ ಸಿಕ್ಕಿಕೊಳ್ಳುವುದಿಲ್ಲ. ಬಾಯಿಂದ ಊದಬೇಡ, ಎಂಜಲು ಹಾರುತ್ತದೆ. ಅಜ್ಜಿ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ರಶ್ ಹೇಗೆ ಎಳೆಯಬೇಕು ಅಂತ ತೋರಿಸು. ಅಜ್ಜಿಯರ ಕೈ ನಿನಗಿಂತ ಹಗುರ, ಗೊತ್ತಾದರೆ ನಿನಗಿಂತ ಚೆನ್ನಾಗಿ ಮಾಡುತ್ತಾರೆ.

"ಎಂಟು ವರ್ಷದ ಹಿಂದೆ ಕಟ್ಟಿದ ವಿಮಾನ. ಯಾರೂ ಮುಟ್ಟಿಲ್ಲ. ಆದರೂ ಮೂಗಿನ ಜೋಡಣೆ ತಾನಾಗಿ ಬಿರಿದಿದೆ. ಒಳಗಿನಿಂದ ಬಿಳಿ ಪುಡಿ ಬರುತ್ತಿದೆ. ಇದೇನು ಗೆದ್ದಲೇ?"
— ಓದುಗ, ಸಾಗರ

ಗೆದ್ದಲಲ್ಲ, ಸೀಸ. ವಿಮಾನ ಬಾಲದ ಮೇಲೆ ಕೂರದಿರಲಿ ಅಂತ ಮೂಗಿನೊಳಗೆ ಮೀನು ಗಾಳದ ಸೀಸದ ಗುಂಡು ತುಂಬಿ, ಬಿಳಿ ಮರಗೋಂದು ಹಾಕಿ ಮುಚ್ಚಿರುತ್ತೀರಿ. ಸರಿ ತಾನೇ? ಆ ಗೋಂದಿನಿಂದ ವಿನೆಗರಿನ ಆಮ್ಲ ಸ್ವಲ್ಪ ಸ್ವಲ್ಪ ಏಳುತ್ತಿರುತ್ತದೆ. ಆ ಆಮ್ಲ, ತೇವ ಮತ್ತು ಗಾಳಿ ಸೇರಿ ಸೀಸವನ್ನು ಬಿಳಿ ಪುಡಿ ಮಾಡುತ್ತವೆ. ಪುಡಿಗೆ ಸೀಸಕ್ಕಿಂತ ಜಾಸ್ತಿ ಜಾಗ ಬೇಕು. ಜಾಗ ಸಾಲದೆ ಮೂಗನ್ನು ಒಳಗಿನಿಂದ ಒಡೆಯುತ್ತದೆ. ಸಾಗರದ ಮಳೆಯಲ್ಲಿ ಇದು ಇನ್ನೂ ಬೇಗ.

ಪುಡಿ ವಿಷ. ಕೈಗವಸು, ಮಾಸ್ಕ್ ಹಾಕಿಕೊಂಡು, ಒದ್ದೆ ಕಾಗದದ ಮೇಲೆ ಮೂಗು ಬಿಚ್ಚಿ ಎಲ್ಲವನ್ನೂ ತೆಗೆಯಿರಿ. ಊದಬೇಡಿ, ಒಣ ಪೊರಕೆಯಲ್ಲಿ ಗುಡಿಸಬೇಡಿ. ಮಕ್ಕಳನ್ನು ದೂರ ಇಡಿ. ಖಾಲಿಯಾದ ಜಾಗಕ್ಕೆ ಸೈಕಲ್ ಬೇರಿಂಗಿನ ಉಕ್ಕಿನ ಗುಂಡುಗಳನ್ನು ಎಪಾಕ್ಸಿ ಅಂಟು ಹಾಕಿ ಕೂರಿಸಿ. ಉಕ್ಕು ಸೀಸಕ್ಕಿಂತ ಹಗುರ, ಹಾಗಾಗಿ ಒಂದೆರಡು ಗುಂಡು ಜಾಸ್ತಿ ಬೇಕಾಗುತ್ತದೆ. ಮೂಗು ಮುಚ್ಚುವ ಮುಂಚೆ ಟೇಪು ಹಚ್ಚಿ ನಿಲ್ಲಿಸಿ ನೋಡಿ.

ಇದೇ ಆಮ್ಲ ಬೇರೆ ಕಡೆಯಿಂದಲೂ ಬರುತ್ತದೆ. ಹೊಸ ಪ್ಲೈವುಡ್, ಎಂಡಿಎಫ್ ಹಲಗೆಗಳಿಂದ ಬರುತ್ತದೆ. ಅಕ್ವೇರಿಯಂ ಅಂಗಡಿಯವರ ಹತ್ತಿರ ಗಾಜಿನ ಡಬ್ಬ ಮಾಡಿಸುವುದು ಒಳ್ಳೆಯ ಉಪಾಯ, ಅಗ್ಗವೂ ಹೌದು. ಆದರೆ ಅವರು ಬಳಸುವ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದೂ ಇದೇ. ಡಬ್ಬ ತಂದ ದಿನವೇ ಮಾಡೆಲ್ ಇಟ್ಟು ಮುಚ್ಚಬೇಡಿ. ವಾಸನೆ ಪೂರ್ತಿ ಹೋಗುವ ತನಕ, ಎರಡು ಮೂರು ವಾರ ಆದರೂ ಸರಿ, ಬಾಯಿ ತೆರೆದಿಡಿ. ಬೋರ್ಡ್ ಬರೆಯುವವರು ಮಾಡಿಕೊಡುವ ಅಕ್ರಿಲಿಕ್ ಡಬ್ಬಕ್ಕೂ ಇದೇ ಮಾತು. ಅದನ್ನು ಅಂಟಿಸಲು ಕ್ಲೋರೋಫಾರ್ಮಿನಂಥ ದ್ರವ ಹಾಕಿರುತ್ತಾರೆ. ಮೂಗಿಟ್ಟು ನೋಡಿ, ನಿಮಗೆ ವಾಸನೆ ಬಂದರೆ ಮಾಡೆಲ್‌ಗೂ ತಾಗುತ್ತದೆ.

"ಬ್ಯಾಂಕ್ ನೌಕರಿ, ಈಗ ಬೆಳಗಾವಿಗೆ ವರ್ಗ. 40 ಮಾಡೆಲ್‌ಗಳನ್ನು ಲಾರಿಯಲ್ಲಿ ಕಳಿಸಬೇಕು. ಬಬಲ್ ರ‍್ಯಾಪ್ ಸುತ್ತಿದರೆ ಸಾಕಾ?"
— ಓದುಗಿ, ದಾವಣಗೆರೆ

ಮೇಡಂ, ಬಬಲ್ ರ‍್ಯಾಪ್ ಬಣ್ಣಕ್ಕೆ ತಾಗಬಾರದು. ನಾವು ಕ್ವಾರ್ಟರ್ಸ್ ಬಿಟ್ಟು ಸ್ವಂತ ಮನೆಗೆ ಬಂದಾಗ ಹಾಗೆ ಸುತ್ತಿ, ಬಿಚ್ಚಲು ಆರು ತಿಂಗಳು ತಡ ಮಾಡಿದೆ. ಎಂಟು ವಿಮಾನಗಳ ಮೇಲೆ ಗುಂಡು ಗುಂಡು ಅಚ್ಚು ಬಿದ್ದಿತ್ತು. ಯಾವ ವಾರ್ನಿಷ್ ಹೊಡೆದರೂ ಹೋಗಲಿಲ್ಲ.

ಸುತ್ತುವುದನ್ನೇ ಬಿಡಿ. ಮಾಡೆಲ್ ತೇಲಾಡದ ಹಾಗೆ ಹಿಡಿದರೆ ಸಾಕು. ಗಟ್ಟಿ ರಟ್ಟಿನ ಡಬ್ಬದ ತಳಕ್ಕೆ ಸ್ಪಂಜಿನ ಹಾಳೆ ಹಾಕಿ, ಮೇಲೆ ಮೆತ್ತಗಿನ ಬಿಳಿ ಟಿಶ್ಯೂ ಕಾಗದ. ವಿಮಾನವನ್ನು ನಿಲ್ಲಿಸಿ. ರೆಕ್ಕೆಯ ಬುಡದ ಎರಡೂ ಕಡೆ, ದಪ್ಪಗಿರುವ ಜಾಗದಲ್ಲಿ, ಟಿಶ್ಯೂ ಸುತ್ತಿದ ಸ್ಪಂಜಿನ ತುಂಡು ಒತ್ತಿ ಕೂರಿಸಿ. ತುದಿಗಳಿಗೆ, ಚಕ್ರದ ಕಾಲಿಗೆ ಏನೂ ತಾಗಬಾರದು. ಸುದ್ದಿಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಪ್ರತಿ ಡಬ್ಬದ ಮೇಲೆ ಒಳಗಿನ ಮಾಡೆಲ್‌ನ ಫೋಟೋ ಅಂಟಿಸಿ, ಬಾಣದ ಗುರುತು ಹಾಕಿ. ತುಂಬ ಇಷ್ಟದ ಐದಾರನ್ನು ಲಾರಿಗೆ ಕೊಡಬೇಡಿ, ನಿಮ್ಮ ಜೊತೆ ಕಾರಿನಲ್ಲೋ ರೈಲಿನಲ್ಲೋ ತೊಡೆ ಮೇಲಿಟ್ಟುಕೊಂಡು ಹೋಗಿ. ಬೆಳಗಾವಿ ತಲುಪಿದ ವಾರದೊಳಗೆ ಎಲ್ಲವನ್ನೂ ಬಿಚ್ಚಿ.

"ನಾವು ಮೂರು ತಲೆಮಾರಿನಿಂದ ದಸರಾ ಗೊಂಬೆ ಕೂರಿಸುತ್ತೇವೆ. ಈ ವರ್ಷ ಮೊಮ್ಮಗ ತಾನು ಕಟ್ಟಿದ ವಿಮಾನ, ಟ್ಯಾಂಕು, ಒಂದು ಹಡಗನ್ನೂ ಇಡಬೇಕು ಅನ್ನುತ್ತಿದ್ದಾನೆ. ಇಡಬಹುದಾ? ಹಾಳಾದರೆ ಅವನು ಅಳುತ್ತಾನೆ."
— ಅಜ್ಜಿ, ಮೈಸೂರು

ಅಮ್ಮಾವ್ರೇ, ಖಂಡಿತ ಇಡಿ. ನನ್ನ ಪ್ರಕಾರ ಮಾಡೆಲ್‌ಗಳಿಗೆ ಅದಕ್ಕಿಂತ ಒಳ್ಳೆಯ ಪ್ರದರ್ಶನ ಇಲ್ಲ. ಬಂದವರೆಲ್ಲ ನಿಂತು ನೋಡುತ್ತಾರೆ, ಯಾರು ಮಾಡಿದ್ದು ಅಂತ ಕೇಳುತ್ತಾರೆ.

ಪಟ್ಟದ ಗೊಂಬೆಗಳ ಮೆಟ್ಟಿಲು ಅವರದ್ದೇ ಇರಲಿ. ಪಾರ್ಕು, ಊರು, ಮೃಗಾಲಯ ಮಾಡುವ ಕೆಳಗಿನ ಮೆಟ್ಟಿಲು ಸಹಜವಾಗಿ ಹೊಂದುತ್ತದೆ ಅನ್ನಿಸುತ್ತದೆ, ಆದರೆ ಅಲ್ಲಿಗೆ ಪುಟ್ಟ ಮಕ್ಕಳ ಕೈ ಎಟುಕುತ್ತದೆ. ಕೆಳಗಿನಿಂದ ಮೂರನೆಯದೋ ನಾಲ್ಕನೆಯದೋ ಮೆಟ್ಟಿಲು ಸರಿ. ಅಂಚಿನಿಂದ ನಾಲ್ಕು ಬೆರಳು ಒಳಗಿಡಿ. ವಿಮಾನದ ಮೂಗು ನೋಡುವವರ ಕಡೆ ಸ್ವಲ್ಪ ಓರೆಯಾಗಿರಲಿ. ಹಡಗಿಗೆ ನೀಲಿ ರೇಷ್ಮೆ ಬಟ್ಟೆ ಹಾಸಿ ಮಡಿಕೆ ಮಾಡಿದರೆ ಅಲೆ ಆಗುತ್ತದೆ. ಟ್ಯಾಂಕಿನ ಕೆಳಗೆ ಮರಳು ಹಾಕುವುದಾದರೆ ಜರಡಿ ಹಿಡಿದು ತೊಳೆದು ಒಣಗಿಸಿದ್ದು ಹಾಕಿ. ಚಕ್ರದ ಪಟ್ಟಿ ಕಪ್ಪು ರಬ್ಬರಿನಂತೆ ಮೆತ್ತಗಿದ್ದರೆ ಬಣ್ಣದ ಗೊಂಬೆಗಳಿಗೆ ತಾಗಿಸಬೇಡಿ.

ದೀಪ, ಊದುಬತ್ತಿ, ಸಾಂಬ್ರಾಣಿ ಆ ಮೆಟ್ಟಿಲಿನ ನೇರ ಕೆಳಗೆ ಬೇಡ. ಬತ್ತಿಯ ಶಾಖ ಮೇಲಕ್ಕೇ ಹೋಗುತ್ತದೆ, ಹೊಗೆಯ ಜಿಡ್ಡು ಮ್ಯಾಟ್ ಬಣ್ಣಕ್ಕೆ ಹತ್ತಿದರೆ ಬಿಡುವುದಿಲ್ಲ. ದೀಪಗಳನ್ನು ಎರಡು ಪಕ್ಕಕ್ಕೆ ಸರಿಸಿ. ಅರಿಶಿನ ಕುಂಕುಮ ಕೊಡುವ ತಟ್ಟೆಯೂ ಅಷ್ಟೇ, ಸ್ವಲ್ಪ ದೂರ. ಅರಿಶಿನದ ಕಲೆ ಬಿಳಿ ರೆಕ್ಕೆಗೆ ಬಿದ್ದರೆ ತೆಗೆಯುವುದು ನನ್ನ ಕೈಲೂ ಆಗುವುದಿಲ್ಲ. ಬಿದ್ದರೆ ಒಡನೆ ಒಣ ಬ್ರಶ್ಶಿನಲ್ಲಿ ಉದುರಿಸಿ, ನೀರು ಮುಟ್ಟಿಸಬೇಡಿ.

ಹಬ್ಬ ಮುಗಿದು ಗೊಂಬೆ ಎತ್ತಿಡುವಾಗ ಮಾಡೆಲ್‌ಗಳನ್ನು ಮೊದಲು ಎತ್ತಿ, ಮೊಮ್ಮಗನ ಕೈಗೇ ಕೊಡಿ. ಗೊಂಬೆಗಳನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕುತ್ತೀರಲ್ಲ, ಅದರೊಳಗೆ ಇವನ್ನು ಸೇರಿಸಬೇಡಿ. ಮರದ ಗೊಂಬೆಯ ಭಾರಕ್ಕೆ ರೆಕ್ಕೆ ನಿಲ್ಲುವುದಿಲ್ಲ. ಆ ಟ್ರಂಕಿನಲ್ಲಿ ನ್ಯಾಫ್ತಲೀನ್ ಗುಳಿಗೆಯೂ ಇರುತ್ತದೆ.